ಇಂಗ್ಲೆಂಡಿನಲ್ಲಿ ಕೇಸನ್ನೇ ಮಾರಬಹುದಾ? ಬರೆದುಕೊಡುವುದು, ದುಡ್ಡು ತರುವುದು, ವಕೀಲರಿಗೆ ಪಾಲು ಕೊಡುವುದು: ಯಾವುದು ಯಾರಿಗೆ

ಹೋದ ವರ್ಷ ಲಂಡನ್ ಹತ್ತಿರದ ಸ್ಲೌನಲ್ಲಿರುವ ಸ್ನೇಹಿತರೊಬ್ಬರು ಫೋನ್ ಮಾಡಿದರು. ಅವರದು ನಾಲ್ಕೈದು ಜನರ ಸಣ್ಣ ಸಾಫ್ಟ್‌ವೇರ್ ಕಂಪನಿ. ಒಬ್ಬ ಗಿರಾಕಿ 48,000 ಪೌಂಡಿನ ಇನ್‌ವಾಯ್ಸ್ ಬಾಕಿ ಉಳಿಸಿಕೊಂಡಿದ್ದಾನೆ. ಸಾಲದ್ದಕ್ಕೆ ಎರಡು ವರ್ಷದ ಕರಾರನ್ನು ಎಂಟೇ ತಿಂಗಳಿಗೆ ಮುರಿದಿದ್ದಾನೆ, ಅದರಿಂದಾದ ನಷ್ಟ ಇವರ ಲೆಕ್ಕದಲ್ಲಿ ಸುಮಾರು ಎರಡು ಲಕ್ಷ ಪೌಂಡ್. ಕೋರ್ಟಿಗೆ ಹೋಗಲು ಕೈಯಲ್ಲಿ ಕಾಸಿಲ್ಲ. ಅಷ್ಟರಲ್ಲಿ ಯಾರೋ ಒಬ್ಬರು ಬಂದು "ಕೇಸನ್ನೇ ನಮಗೆ ಬರೆದುಕೊಡಿ, ಈಗ ಕೈಗೆ 25,000 ಪೌಂಡ್, ಗೆದ್ದರೆ ಮೇಲೆ 30 ಪರ್ಸೆಂಟ್" ಎಂದಿದ್ದಾರೆ. ಕೊಟ್ಟುಬಿಡಲಾ ಅಂತ ಇವರ ಪ್ರಶ್ನೆ.

ಒಂದು ವಾರ ತಡೆಯಿರಿ, ಸಹಿ ಹಾಕಬೇಡಿ ಎಂದೆ. ನಾನು ವಕೀಲನಲ್ಲ. ಸಣ್ಣ ಕಂಪನಿಗಳ ಲೆಕ್ಕಪತ್ರ ನೋಡುವವನು. ಆದರೆ ಬಾರದ ಬಾಕಿ, ಮುಳುಗಿದ ಗಿರಾಕಿ, ಲಿಕ್ವಿಡೇಟರ್ (ಮುಳುಗಿದ ಕಂಪನಿಯ ಆಸ್ತಿ ಮಾರಿ ಸಾಲ ತೀರಿಸುವವರು) ಕಳಿಸುವ ಪತ್ರ ಇವೆಲ್ಲ ನನ್ನ ಮೇಜಿನ ಮೇಲೆ ಬರುತ್ತಲೇ ಇರುತ್ತವೆ, ಹಾಗಾಗಿ ಈ ಚಾಂಪರ್ಟಿ ಎಂಬ ಹಳೇ ಭೂತದ ಪರಿಚಯ ಸ್ವಲ್ಪ ಇದೆ. ಆ ಒಂದು ವಾರದಲ್ಲಿ ನಾವಿಬ್ಬರೂ ಕೂತು ಹೋಲಿಸಿ ನೋಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ಇಂಗ್ಲೆಂಡ್ ಮತ್ತು ವೇಲ್ಸಿಗೆ ಮಾತ್ರ. ಸ್ಕಾಟ್ಲೆಂಡಿನ ಕಾನೂನು ಬೇರೆ.

ಕೋರಿಗೆ ಕೇಸು

ಚಾಂಪರ್ಟಿ ಅನ್ನುವ ಪದ ಬಂದದ್ದು ಹೊಲದಿಂದ. ಹಳೇ ಫ್ರೆಂಚಿನಲ್ಲಿ ಚಾಂಪಾರ್ ಅಂದರೆ ಬೆಳೆಯಲ್ಲಿ ಜಮೀನಿನ ಒಡೆಯನಿಗೆ ಕೊಡುವ ಪಾಲು. ನಮ್ಮ ಕಡೆ ಕೋರಿಗೆ ಹೊಲ ಮಾಡುತ್ತಾರಲ್ಲ, ಹಾಗೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಊರಿನ ದೊಡ್ಡ ಕುಳ ಯಾರದೋ ಜಮೀನಿನ ವ್ಯಾಜ್ಯಕ್ಕೆ ಬೆನ್ನಿಗೆ ನಿಂತು, ಗೆದ್ದ ಮೇಲೆ ಆ ಜಮೀನಿನಲ್ಲೇ ಒಂದು ಪಾಲು ತೆಗೆದುಕೊಳ್ಳುತ್ತಿದ್ದ. ಅವನ ಎದುರು ಸಾಕ್ಷಿ ಹೇಳುವ ಧೈರ್ಯ ಯಾರಿಗಿದ್ದೀತು? ಮೊದಲನೇ ಎಡ್ವರ್ಡ್ ಕಾಲದಲ್ಲಿ, 1275ರಲ್ಲಿ, ರಾಜನ ಅಧಿಕಾರಿಗಳು ಹೀಗೆ ಪಾಲಿಗಾಗಿ ಕೇಸು ಎತ್ತಿಕೊಳ್ಳಬಾರದು ಎಂದು ಕಾನೂನೇ ಬಂತು. ತನಗೆ ಸಂಬಂಧವಿಲ್ಲದ ವ್ಯಾಜ್ಯಕ್ಕೆ ಬೆಂಬಲ ಕೊಡುವುದು ಮೇಂಟೆನೆನ್ಸ್. ಬೆಂಬಲ ಕೊಟ್ಟು ಪಾಲೂ ಕೇಳಿದರೆ ಚಾಂಪರ್ಟಿ. ಬೇಲಿ ಮೇಲೆ ಹೋಗುವ ಓತಿಕ್ಯಾತವನ್ನು ಕಿವಿಗೆ ಬಿಟ್ಟುಕೊಳ್ಳುವವರ ಬಗ್ಗೆ ನಮ್ಮಲ್ಲಿ ಗಾದೆ ಇದೆ, ಅವರಲ್ಲಿ ಕಾನೂನೇ ಇತ್ತು.

1967ರಲ್ಲಿ ಕ್ರಿಮಿನಲ್ ಲಾ ಆಕ್ಟ್ ಬಂದು ಇವೆರಡೂ ಅಪರಾಧವಲ್ಲ, ನಷ್ಟ ಪರಿಹಾರ ಕೇಳುವ ಕಾರಣವೂ ಅಲ್ಲ ಎಂದಿತು. ಸತ್ತೇಹೋಯಿತು ಎಂದುಕೊಳ್ಳುವಷ್ಟರಲ್ಲಿ ಅದೇ ಕಾಯಿದೆಯ 14ನೇ ಸೆಕ್ಷನ್ನಿನಲ್ಲಿ ಒಂದು ಬಾಲ ಉಳಿಸಿದರು: ಸಾರ್ವಜನಿಕ ಹಿತಕ್ಕೆ ವಿರುದ್ಧ ಎಂಬ ಕಾರಣಕ್ಕೆ ಇಂಥ ಕರಾರುಗಳು ಅನೂರ್ಜಿತ ಎನ್ನುವ ನಿಯಮ ಹಾಗೇ ಇರಲಿ ಎಂದು. ಇವತ್ತು ಯಾರೂ ಜೈಲಿಗೆ ಹೋಗುವುದಿಲ್ಲ. ಆದರೆ ನೀವು ಬರೆದುಕೊಟ್ಟ ಪತ್ರ ಬರೀ ಕಾಗದವಾಗಬಹುದು. ಅದೂ ಯಾವಾಗ ಗೊತ್ತಾಗುತ್ತದೆ? ಕೊಂಡವನು ನಿಮ್ಮ ಗಿರಾಕಿಯ ಮೇಲೆ ಕೇಸು ಹಾಕಿ, ಗಿರಾಕಿಯ ವಕೀಲರು ಎದ್ದು ನಿಂತು "ಸ್ವಾಮಿ, ಇವರು ಯಾರು?" ಎಂದು ಕೇಳಿದಾಗ. ಎದುರು ಪಾರ್ಟಿಗೆ ಇದಕ್ಕಿಂತ ಅಗ್ಗದ ಅಸ್ತ್ರ ಇಲ್ಲ.

ಹಾಗಾಗಿ ಎಷ್ಟು ಪರ್ಸೆಂಟ್ ಎಂದು ಕೇಳುವ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಕೊಳ್ಳುವವನಿಗೆ ಈ ಕೇಸನ್ನು ಬಿಟ್ಟು ಇದರಲ್ಲಿ ಬೇರೆ ಏನು ಕೆಲಸ?

ಪೂರ್ತಿ ಬರೆದುಕೊಡುವುದು

ಈ ಪ್ರಶ್ನೆಗೆ ಇವತ್ತಿಗೂ ಎಲ್ಲರೂ ತೆಗೆದು ತೋರಿಸುವುದು ಆಗ ಅಲ್ಲಿನ ಅತ್ಯುನ್ನತ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ 1981ರಲ್ಲಿ ಕೊಟ್ಟ ಟ್ರೆಂಡ್‌ಟೆಕ್ಸ್ ತೀರ್ಪನ್ನು. ಕಥೆ ಸಿಮೆಂಟಿನದು. 1975ರಲ್ಲಿ ನೈಜೀರಿಯಾ ಇಳಿಸಿಕೊಳ್ಳಲು ಆಗದಷ್ಟು ಸಿಮೆಂಟಿಗೆ ಆರ್ಡರ್ ಕೊಟ್ಟು, ಲಾಗೋಸ್ ಬಂದರಿನ ಹೊರಗೆ ಹಡಗುಗಳು ಸಾಲುಗಟ್ಟಿ ನಿಂತಿದ್ದವು. ಟ್ರೆಂಡ್‌ಟೆಕ್ಸ್ ಎಂಬ ಸ್ವಿಸ್ ಕಂಪನಿಯದು ಅದರಲ್ಲಿ 2,40,000 ಟನ್. ನೈಜೀರಿಯಾದ ಸೆಂಟ್ರಲ್ ಬ್ಯಾಂಕ್ ಕೊಟ್ಟ ಲೆಟರ್ ಆಫ್ ಕ್ರೆಡಿಟ್ (ಮಾಲಿನ ದುಡ್ಡು ಕೊಡುತ್ತೇವೆ ಎಂಬ ಬ್ಯಾಂಕಿನ ಖಾತರಿ ಪತ್ರ) ನಂಬಿ ಮಾಲು ಕಳಿಸಿದರೆ, ಆ ಬ್ಯಾಂಕೇ ದುಡ್ಡು ನಿಲ್ಲಿಸಿತು. ಟ್ರೆಂಡ್‌ಟೆಕ್ಸ್ ಲಂಡನ್ನಿನಲ್ಲಿ ಸುಮಾರು 1.4 ಕೋಟಿ ಡಾಲರಿಗೆ ಕೇಸು ಹಾಕಿತು. ಅದಕ್ಕೆ ಸಾಲ ಕೊಟ್ಟು, ಕೇಸಿನ ಖರ್ಚಿಗೂ ನಿಂತಿದ್ದದ್ದು ಕ್ರೆಡಿಟ್ ಸ್ವೀಸ್ ಬ್ಯಾಂಕು.

1978ರ ಜನವರಿಯಲ್ಲಿ ಟ್ರೆಂಡ್‌ಟೆಕ್ಸ್ ತನ್ನ ಹಕ್ಕನ್ನು ಕ್ರೆಡಿಟ್ ಸ್ವೀಸ್‌ಗೆ ಬರೆದುಕೊಟ್ಟಿತು. ಪತ್ರದಲ್ಲೇ ಒಬ್ಬ ಮೂರನೆಯವನ ಪ್ರಸ್ತಾಪ ಇತ್ತು, ಹೆಸರಿರಲಿಲ್ಲ. ಅವನು ಇದಕ್ಕೆ 8 ಲಕ್ಷ ಡಾಲರ್ ಕೊಡುತ್ತಾನೆ ಎಂದಿತ್ತು. ಕೆಲವೇ ದಿನಗಳಲ್ಲಿ ಬ್ಯಾಂಕು ಅದನ್ನು 11 ಲಕ್ಷಕ್ಕೆ ಮಾರಿತು. ಮತ್ತೆ ಸ್ವಲ್ಪ ದಿನದಲ್ಲೇ ನೈಜೀರಿಯಾ 80 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಟ್ರೆಂಡ್‌ಟೆಕ್ಸ್‌ನವರ ಹೊಟ್ಟೆ ಉರಿದಿರಬೇಕು, ಅಲ್ವಾ? ಆ ಪತ್ರವೇ ಚಾಂಪರ್ಟಿ ಎಂದು ಕೋರ್ಟಿಗೆ ಬಂದರು.

ಲಾರ್ಡ್ಸ್ ಹೇಳಿದ್ದನ್ನು ಎರಡು ಮಾತಿನಲ್ಲಿ ಹೇಳಬಹುದು. ಬ್ಯಾಂಕು ತಾನು ಕೊಟ್ಟ ಸಾಲ ಉಳಿಸಿಕೊಳ್ಳಲು ತಾನೇ ಇಟ್ಟುಕೊಂಡಿದ್ದರೆ ತೊಂದರೆ ಇರಲಿಲ್ಲ, ಅದಕ್ಕೆ ಮೊದಲಿನಿಂದ ನಿಜವಾದ ವ್ಯವಹಾರದ ನಂಟಿತ್ತು. ಆದರೆ ಏನೂ ಸಂಬಂಧವಿಲ್ಲದ ಮೂರನೆಯವನಿಗೆ ಲಾಭ ಮಾಡಿಕೊಡಲು ಬರೆದ ಪತ್ರ ಇಂಗ್ಲಿಷ್ ಕಾನೂನಿನಲ್ಲಿ ನಿಲ್ಲುವುದಿಲ್ಲ. (ಇಷ್ಟೆಲ್ಲ ಹೇಳಿ, ಪತ್ರದಲ್ಲಿ ಜಿನೀವಾ ಕೋರ್ಟು ಎಂದಿರುವುದರಿಂದ ಅಲ್ಲಿಗೇ ಹೋಗಿ ಎಂದು ಕಳಿಸಿದರು. ಕರಾರಿನ ಕೊನೇ ಪುಟ ಓದದವರಿಗೆ ಇದು ಇನ್ನೊಂದು ಪಾಠ.)

ನಂಟು ಅಂದರೆ ಯಾವ ಥರದ್ದು? ಜಾಗ ಕೊಂಡವನಿಗೆ ಆ ಜಾಗದ ಮೇಲಿನ ಹಕ್ಕಿದ್ದರೆ ನಂಟು. ಕೆಂಟ್‌ನ ಹೈಥ್ ಎಂಬಲ್ಲಿ ಹೀಗೇ ಆಯಿತು. ಸೈಟಿನ ಹಳೇ ಮಾಲೀಕರು ಮಣ್ಣು ಪರೀಕ್ಷೆಯ ವರದಿ ಮಾಡಿಸಿದ್ದರು, ಕೊಂಡವರು ಕಟ್ಟಲು ಹೊರಟಾಗ 2001ರಲ್ಲಿ ಗುಡ್ಡ ಜರುಗಿತು. ಆ ವರದಿಯನ್ನೂ ಅದರ ಮೇಲಿನ ಹಕ್ಕನ್ನೂ ಹಳೇ ಮಾಲೀಕರು ಬರೆದುಕೊಟ್ಟದ್ದು 2004ರಲ್ಲಿ, ಅಂದರೆ ಅನಾಹುತ ಆದ ಎಷ್ಟೋ ದಿನದ ಮೇಲೆ. ಆದರೂ ಕೋರ್ಟ್ ಆಫ್ ಅಪೀಲ್ 2006ರ ಲಾರ್ಕ್‌ಸ್ಟೋರ್ ತೀರ್ಪಿನಲ್ಲಿ ಕೊಂಡವರು ನಿಜವಾದ ನಷ್ಟವನ್ನೇ ಕೇಳಬಹುದು ಎಂದಿತು. ಇನ್ನೊಂದು, ಕಂಪನಿಯ ಷೇರು ಪೂರ್ತಿ ಮಾರುವಾಗ ಒಂದು ಕೇಸನ್ನು ಮಾತ್ರ ಹಳೇ ಮಾಲೀಕರು ತಮ್ಮ ಹೊಸ ಕಂಪನಿಗೆ ಬರೆಸಿಕೊಂಡರು. ಬಹಾಮಾಸ್‌ನಿಂದ ಬಂದ ಮಸ್ಸಾಯ್ ಏವಿಯೇಷನ್ ಕೇಸಿನಲ್ಲಿ, 2007ರಲ್ಲಿ, ಹಳೇ ವಸಾಹತುಗಳ ಕೊನೇ ಅಪೀಲು ಕೇಳುವ ಲಂಡನ್ನಿನ ಪ್ರಿವಿ ಕೌನ್ಸಿಲ್ ಇದಕ್ಕೂ ಸರಿ ಎಂದಿತು. ವಿಮೆ ಕಂಪನಿ, ಷೇರುದಾರ, ಸಾಲ ಕೊಟ್ಟವನು, ಇವರೆಲ್ಲ ಸಾಮಾನ್ಯವಾಗಿ ನಂಟಸ್ಥರೇ.

ನಂಟಿಲ್ಲದ ಕಡೆ ಒಳ್ಳೆಯ ಉದ್ದೇಶವೂ ಉಳಿಸುವುದಿಲ್ಲ. ನಾರ್ಫೋಕ್ ಅಂಡ್ ನಾರ್ವಿಚ್ ಆಸ್ಪತ್ರೆಯ 2011ರ ಕೇಸು ನೋಡಿ. ಅಲ್ಲಿ ಎಂಆರ್‌ಎಸ್‌ಎ ಸೋಂಕು ತಗುಲಿದ ರೋಗಿಯೊಬ್ಬರು ಆಸ್ಪತ್ರೆ ಮೇಲಿನ ತಮ್ಮ ಹಕ್ಕನ್ನು ಒಬ್ಬ ವಿಧವೆಗೆ 1 ಪೌಂಡಿಗೆ ಬರೆದುಕೊಟ್ಟರು. ಆಕೆಯ ಗಂಡನಿಗೂ ಅದೇ ಆಸ್ಪತ್ರೆಯಲ್ಲಿ ಅದೇ ಸೋಂಕು ಆಗಿತ್ತು. ಆಕೆಗೆ ದುಡ್ಡಿನ ಆಸೆ ಇರಲಿಲ್ಲ, ಆಸ್ಪತ್ರೆ ಸುಧಾರಿಸಬೇಕು ಎಂಬುದಷ್ಟೇ. ಕೋರ್ಟು ಹೇಳಿತು: ಗಾಯದ ಪರಿಹಾರದ ಹಕ್ಕು ಕೂಡ ಒಂದು ಥರದ ಆಸ್ತಿಯೇ, ಆದರೆ ನಿಮಗೆ ಇದರಲ್ಲಿ ಕಾನೂನು ಒಪ್ಪುವ ಸಂಬಂಧ ಇಲ್ಲ, ಚಳವಳಿ ಮಾಡಲು ಇನ್ನೊಬ್ಬರ ಕೇಸು ಕೊಳ್ಳುವಂತಿಲ್ಲ. ನನಗೆ ಇದು ಸ್ವಲ್ಪ ಕಠಿಣ ಅನಿಸುತ್ತದೆ. ಆದರೆ ಗೆರೆ ಎಲ್ಲಿದೆ ಎಂದು ತಿಳಿಯಲು ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದಿಲ್ಲ.

ಹಾಗಂತ ಹೊರಗಿನವರಿಗೆ ಬಾಗಿಲು ಪೂರ್ತಿ ಮುಚ್ಚಿದೆ ಎಂದಲ್ಲ. 2017ರಲ್ಲಿ ಕೇಸ್‌ಹಬ್ ಎಂಬ ಕಂಪನಿ ತುಂಬಾ ಗ್ರಾಹಕರಿಂದ ಸಣ್ಣಸಣ್ಣ ಹಕ್ಕುಗಳನ್ನು ಬರೆಸಿಕೊಂಡು, ರದ್ದತಿ ಶುಲ್ಕ ಅನ್ಯಾಯದ್ದು ಎಂದು ಒಟ್ಟಿಗೆ ವಸೂಲಿಗೆ ಹೊರಟಾಗ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಒಬ್ಬೊಬ್ಬರದೂ ಕೋರ್ಟಿಗೆ ಹೋಗುವಷ್ಟು ದೊಡ್ಡ ಮೊತ್ತವಲ್ಲ, ಬಂದದ್ದರಲ್ಲಿ ಗ್ರಾಹಕರಿಗೂ ಪಾಲಿತ್ತು, ನ್ಯಾಯ ಕೆಡುವ ಭಯ ಕಾಣಲಿಲ್ಲ. ಕೋರ್ಟುಗಳು ವರ್ಷದಿಂದ ವರ್ಷಕ್ಕೆ ಸಡಿಲವಾಗುತ್ತಿವೆ ಅನ್ನುವುದು ನಿಜ. ಆದರೆ ನಿಮ್ಮ ಎರಡು ಲಕ್ಷವನ್ನು ಆ ಸಡಿಲಿಕೆಯ ಮೇಲೆ ಪಣಕ್ಕಿಡುತ್ತೀರಾ?

ನನ್ನ ಸ್ನೇಹಿತರಿಗೆ ಬಂದ ಆಫರ್ ನೋಡಿ. ಕೊಳ್ಳುವವರಿಗೂ ಇವರ ಸಾಫ್ಟ್‌ವೇರಿಗೂ ಏನೂ ಸಂಬಂಧ ಇಲ್ಲ, ಇವರಿಗೆ ಸಾಲ ಕೊಟ್ಟವರೂ ಅಲ್ಲ. ಸುಮ್ನೆ ಒಂದು ಕೇಸು ಕಂಡಿತು, ಕೊಳ್ಳೋಣ ಎಂದು ಬಂದವರು. ಎರಡೂವರೆ ಲಕ್ಷದ ಹಕ್ಕಿಗೆ ಮುಂಗಡ 25,000, ಗೆದ್ದದ್ದರಲ್ಲಿ ಹೆಚ್ಚಿನ ಪಾಲು ಅವರಿಗೆ. ಟ್ರೆಂಡ್‌ಟೆಕ್ಸ್‌ನ ಆ ಮೂರನೆಯವನ ಮುಖ ನೆನಪಾಗುವುದು ಇಂಥ ಕಡೆಯೇ.

ಬಾಕಿ ಬೇರೆ, ನಷ್ಟ ಬೇರೆ

ಜನ ಎಡವುವುದು ಇಲ್ಲಿ. ಇನ್‌ವಾಯ್ಸಿನ 48,000 ಒಂದು ಸಾಲ, ಅದು ನಿಮ್ಮ ಆಸ್ತಿ. ಕರಾರು ಮುರಿದದ್ದಕ್ಕೆ ಕೇಳುವ ಎರಡು ಲಕ್ಷ ಬರೀ ಕೇಸು ಹಾಕುವ ಹಕ್ಕು, ಎಷ್ಟು ಬರುತ್ತದೆ ಎಂದು ಜಡ್ಜ್ ಹೇಳುವ ತನಕ ಯಾರಿಗೂ ಗೊತ್ತಿಲ್ಲ. ಮೊದಲನೆಯದನ್ನು ಯಾರಿಗೆ ಬೇಕಾದರೂ ಮಾರಬಹುದು, ಚಾಂಪರ್ಟಿ ಅಡ್ಡ ಬರುವುದಿಲ್ಲ. 1990ರ ದಶಕದ ಕ್ಯಾಮ್‌ಡೆಕ್ಸ್ ತೀರ್ಪು ಇದನ್ನು ಖಚಿತ ಮಾಡಿತು. ಕುವೈತಿನ ಕೇಂದ್ರ ಬ್ಯಾಂಕಿಗೆ ಜಾಂಬಿಯಾದ ಕೇಂದ್ರ ಬ್ಯಾಂಕು ಬಾಕಿ ಇತ್ತು. ಆ ಸಾಲವನ್ನು ಕ್ಯಾಮ್‌ಡೆಕ್ಸ್ ಎಂಬ ಕಂಪನಿ ಕೊಂಡಿತು. ಕೇಸು ಹಾಕದೆ ದುಡ್ಡು ಬರುವುದಿಲ್ಲ ಎಂದು ಕೊಳ್ಳುವಾಗಲೇ ಗೊತ್ತಿತ್ತು. ಪರವಾಗಿಲ್ಲ, ಸಾಲ ಸಾಲವೇ ಎಂದಿತು ಕೋರ್ಟು.

ಹೀಗಾಗಿ ನನ್ನ ಮೊದಲ ಸಲಹೆ, ಎರಡನ್ನೂ ಒಂದೇ ಪತ್ರದಲ್ಲಿ ಸೇರಿಸಿ ಬರೆದುಕೊಡಬೇಡಿ ಎಂಬುದು. ಬಾಕಿ ಕೊಳ್ಳುವ ಕಂಪನಿಗಳು ಬೇಕಾದಷ್ಟಿವೆ, ಡಿಸ್ಕೌಂಟ್ ಕೇಳುತ್ತಾರೆ ಅಷ್ಟೇ. ಗಿರಾಕಿ ಬಾಕಿಯನ್ನು ಎಲ್ಲಾದರೂ ಬರವಣಿಗೆಯಲ್ಲಿ ಒಪ್ಪಿಕೊಂಡಿದ್ದರೆ ಬೆಲೆ ಜಾಸ್ತಿ. ತಕರಾರಿದ್ದರೆ ಕಮ್ಮಿ, ಏಕೆಂದರೆ ನಿಮ್ಮ ವಿರುದ್ಧ ಗಿರಾಕಿ ಎತ್ತಬಹುದಾದ ತಕರಾರೆಲ್ಲ ಕೊಂಡವನ ವಿರುದ್ಧವೂ ಎತ್ತಬಹುದು. "ಸಾಫ್ಟ್‌ವೇರ್ ಕೆಲಸವೇ ಮಾಡಲಿಲ್ಲ" ಎಂಬ ಮಾತು ಮಾರಿದ ತಕ್ಷಣ ಮಾಯವಾಗುವುದಿಲ್ಲ.

ಬರೆದುಕೊಡುವ ವಿಧಾನ ಸುಲಭ. 1925ರ ಲಾ ಆಫ್ ಪ್ರಾಪರ್ಟಿ ಆಕ್ಟಿನ 136ನೇ ಸೆಕ್ಷನ್ ಪ್ರಕಾರ ಪತ್ರ ಬರವಣಿಗೆಯಲ್ಲಿರಬೇಕು, ನಿಮ್ಮ ಸಹಿ ಇರಬೇಕು, ಹಕ್ಕು ಪೂರ್ತಿ ಹೋಗಬೇಕು, ಬಾಕಿದಾರನಿಗೆ ಲಿಖಿತ ನೋಟಿಸ್ ಮುಟ್ಟಬೇಕು. ಇಷ್ಟಾದರೆ ಕೊಂಡವನು ತನ್ನ ಹೆಸರಲ್ಲೇ ಕೇಸು ಹಾಕಬಹುದು. ಅರ್ಧ ಮಾತ್ರ ಬರೆದುಕೊಟ್ಟರೆ, ಅಥವಾ ನೋಟಿಸ್ ಕೊಡದಿದ್ದರೆ, ಹಕ್ಕು ಹೋಗುವುದಿಲ್ಲ ಎಂದಲ್ಲ. ಆದರೆ ಕೇಸಿಗೆ ಸಾಮಾನ್ಯವಾಗಿ ನಿಮ್ಮನ್ನೂ ಎಳೆಯುತ್ತಾರೆ. ಮಾರಿ ನೆಮ್ಮದಿಯಾಗಿರೋಣ ಎಂದುಕೊಂಡಿದ್ದರೆ ಅದು ಆಗಲಿಲ್ಲ.

ಮಾನನಷ್ಟ, ಹಲ್ಲೆಯಂಥ ವೈಯಕ್ತಿಕ ಹಕ್ಕುಗಳನ್ನು ಮಾರುವ ಯೋಚನೆಯನ್ನೇ ಬಿಡಿ. ಆದರೆ ಅಲ್ಲೂ ಒಂದು ಚಿಕ್ಕ ಕಿಟಕಿ ಇದೆ. ಕೇಸು ನಿಮ್ಮದೇ, ನಡೆಸುವವರೂ ನೀವೇ. ಗೆದ್ದು ಬಂದ ದುಡ್ಡನ್ನು ಮಾತ್ರ ಇನ್ನೊಬ್ಬರಿಗೆ ಬರೆದುಕೊಡಬಹುದು. 1912ರಲ್ಲೇ ಒಬ್ಬ ಹೆಂಡತಿ ಗಂಡನಿಗೆ ಕೊಡಬೇಕಿದ್ದ ಸಾಲದ ಭದ್ರತೆಗೆ ತನ್ನ ಮಾನನಷ್ಟ ಕೇಸಿನಲ್ಲಿ ಬರುವ ಹಣವನ್ನು ಹೀಗೆ ಬರೆದುಕೊಟ್ಟಿದ್ದಳು, ಕೋರ್ಟು ಒಪ್ಪಿತು. ಮರ ನಿಮ್ಮದಾಗಿ ಉಳಿದು ಹಣ್ಣು ಮಾತ್ರ ಹೋದರೆ ತಕರಾರಿಲ್ಲ. ಮರ ಹತ್ತುವ ಅಧಿಕಾರ ಹಣ್ಣು ಕೊಂಡವನಿಗೆ ಸಿಕ್ಕರೆ ಮತ್ತೆ ಚಾಂಪರ್ಟಿಯ ವಾಸನೆ. ಸಾಲ ಕೊಟ್ಟವರನ್ನು ಸಮಾಧಾನ ಮಾಡಬೇಕಾದವರಿಗೆ ಇದು ಒಳ್ಳೆಯ ದಾರಿ, ಜಾಸ್ತಿ ಜನಕ್ಕೆ ಗೊತ್ತಿಲ್ಲ.

ಕೇಸು ಇಟ್ಟುಕೊಂಡು ದುಡ್ಡು ತರುವುದು

ಹಕ್ಕು ನಿಮ್ಮ ಹೆಸರಲ್ಲೇ ಇರುತ್ತದೆ, ಖರ್ಚನ್ನು ಫಂಡರ್ ಎಂಬ ಹೊರಗಿನವನು ಹಾಕುತ್ತಾನೆ, ಗೆದ್ದರೆ ಅವನಿಗೆ ಲಾಭ, ಸೋತರೆ ಅವನ ದುಡ್ಡು ಮುಳುಗಿತು. ಮಧ್ಯಯುಗದ ಯಾವ ಜಡ್ಜ್ ಕೇಳಿದರೂ ಇದೇ ಚಾಂಪರ್ಟಿ ಎನ್ನುತ್ತಿದ್ದ. ಇವತ್ತು ಇದು ಲಂಡನ್ನಿನಲ್ಲಿ ದೊಡ್ಡ ಉದ್ಯಮ. ಫಂಡರ್ ಕೇಸಿನ ಲಗಾಮು ಹಿಡಿಯಬಾರದು ಎಂಬುದು ಷರತ್ತು. ವಕೀಲರಿಗೆ ಹೇಳುವವರು, ರಾಜಿ ಮಾಡುವವರು ನೀವೇ ಆಗಿರಬೇಕು. 2002ರ ಫ್ಯಾಕ್ಟರ್‌ಟೇಮ್ ತೀರ್ಪು ಈ ದಾರಿ ತೆರೆದವುಗಳಲ್ಲಿ ಒಂದು. ಸ್ಪ್ಯಾನಿಷ್ ಮೀನುಗಾರಿಕೆ ಕಂಪನಿಗಳು ಬ್ರಿಟಿಷ್ ಸರ್ಕಾರದ ಮೇಲೆ ಗೆದ್ದಿದ್ದವು, ನಷ್ಟದ ಲೆಕ್ಕ ಮಾಡಿಸಲು ಕಾಸಿರಲಿಲ್ಲ. ಗ್ರಾಂಟ್ ಥಾರ್ನ್‌ಟನ್ ಲೆಕ್ಕಿಗರು ಬರುವ ಹಣದಲ್ಲಿ 8 ಪರ್ಸೆಂಟಿಗೆ ಒಪ್ಪಿದರು. ನ್ಯಾಯ ಕೆಡುವ ಅಪಾಯ ನಿಜವಾಗಿ ಇದೆಯೇ ಎಂದು ನೋಡಬೇಕು, ಹೆಸರು ನೋಡಿ ಹೆದರಬಾರದು ಎಂದಿತು ಕೋರ್ಟು.

ಇದರ ಬೆಲೆ ಏನು ಎಂದು ತಿಳಿಯಬೇಕಾದರೆ ಪೋಸ್ಟ್ ಆಫೀಸ್ ಹಗರಣ ನೆನಪಿಸಿಕೊಳ್ಳಿ. 555 ಸಬ್‌ಪೋಸ್ಟ್‌ಮಾಸ್ಟರುಗಳು, ಅವರಲ್ಲಿ ನಮ್ಮ ದೇಶದ ಮೂಲದವರೂ ಇದ್ದರು, ಹಾರೈಜನ್ ಸಾಫ್ಟ್‌ವೇರಿನ ತಪ್ಪಿಗೆ ತಾವು ಕಳ್ಳರೆನಿಸಿಕೊಂಡದ್ದರ ವಿರುದ್ಧ ಹೋರಾಡಿ 2019ರ ಡಿಸೆಂಬರಿನಲ್ಲಿ 5 ಕೋಟಿ 77 ಲಕ್ಷ ಪೌಂಡಿಗೆ ರಾಜಿ ಮಾಡಿಕೊಂಡರು. ಅದರಲ್ಲಿ ಸುಮಾರು 4 ಕೋಟಿ 60 ಲಕ್ಷ ವಕೀಲರ ಖರ್ಚಿಗೂ ಫಂಡರಿಗೂ ಹೋಯಿತು. 555 ಜನರಿಗೆ ಉಳಿದದ್ದು ಸುಮಾರು 1 ಕೋಟಿ 20 ಲಕ್ಷ. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಅನ್ನುವುದು ಇಂಗ್ಲೆಂಡಿಗೂ ಅನ್ವಯಿಸುತ್ತದೆ ಎಂದು ಆಗ ಅನಿಸಿತ್ತು. ಆದರೆ ಫಂಡರ್ ಇಲ್ಲದಿದ್ದರೆ ಆ ಕೇಸೇ ಇರುತ್ತಿರಲಿಲ್ಲ, ಆಮೇಲೆ ಸರ್ಕಾರ ತಂದ ಪರಿಹಾರ ಯೋಜನೆಗಳೂ ಇರುತ್ತಿರಲಿಲ್ಲ.

ಇನ್ನೊಂದು ಗೊಂದಲ 2023ರ ಜುಲೈ 26ರಂದು ಬಂತು. ಟ್ರಕ್ ತಯಾರಕರ ಕೂಟದ ಮೇಲಿನ ಪ್ಯಾಕಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟು, ಪರಿಹಾರದಲ್ಲಿ ಇಷ್ಟು ಪರ್ಸೆಂಟ್ ಎಂದು ಪಾಲು ಕೇಳುವ ಫಂಡರ್ ಕರಾರುಗಳೂ ಡಿಬಿಎ (ಬಂದ ಹಣದಲ್ಲಿ ನೇರ ಪಾಲು ಕೇಳುವ ಕರಾರು) ಎಂಬ ಗುಂಪಿಗೇ ಸೇರುತ್ತವೆ, ಅದರ ನಿಯಮ ಪಾಲಿಸದಿದ್ದರೆ ಜಾರಿ ಮಾಡುವಂತಿಲ್ಲ ಎಂದಿತು. ಫಂಡರುಗಳು ರಾತ್ರೋರಾತ್ರಿ ಕರಾರು ತಿದ್ದಿ, ಪರ್ಸೆಂಟ್ ಬಿಟ್ಟು "ಹಾಕಿದ ದುಡ್ಡಿನ ಇಷ್ಟು ಪಟ್ಟು" ಎಂದು ಬರೆಯತೊಡಗಿದರು. 2025ರ ಜುಲೈನಲ್ಲಿ ಕೋರ್ಟ್ ಆಫ್ ಅಪೀಲ್ ಈ ಪಟ್ಟು ಲೆಕ್ಕ ನಡೆಯುತ್ತದೆ ಎಂದಿತು. ಅದಕ್ಕೆ ಒಂದು ತಿಂಗಳ ಹಿಂದೆ, ಸಿವಿಲ್ ಕೋರ್ಟುಗಳ ಬಗ್ಗೆ ಸಲಹೆ ಕೊಡುವ ಸಿವಿಲ್ ಜಸ್ಟಿಸ್ ಕೌನ್ಸಿಲ್ ಪ್ಯಾಕಾರ್ ತೀರ್ಪಿನ ಪರಿಣಾಮವನ್ನು ಹೊಸ ಕಾನೂನು ತಂದು ತೆಗೆದುಹಾಕಿ ಎಂದು ವರದಿ ಕೊಟ್ಟಿತ್ತು. ಪಟ್ಟು ಲೆಕ್ಕದಲ್ಲಿ ನಿಮಗೊಂದು ಅಪಾಯ ಇದೆ: ಬಂದ ಹಣ ಕಡಿಮೆಯಾದರೂ ಅವನ ಮೂರು ಪಟ್ಟು ಕಡಿಮೆಯಾಗುವುದಿಲ್ಲ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎಂದು ಖರ್ಚು ಮಾಡಿಸಿದರೆ ಜಾತ್ರೆಯ ಬಿಲ್ಲು ಕೊನೆಗೆ ನಿಮ್ಮ ಪರಿಹಾರದಿಂದಲೇ ಹೋಗುತ್ತದೆ.

ಎದುರು ಪಾರ್ಟಿಯ ಖರ್ಚು ಕೂಡ ಲೆಕ್ಕಕ್ಕಿರಲಿ. ಇಲ್ಲಿ ಸೋತವನು ಗೆದ್ದವನ ವಕೀಲರ ಖರ್ಚೂ ಕೊಡಬೇಕಾಗುತ್ತದೆ. ಫಂಡರ್ ಮೇಲೂ ಆ ಹೊರೆ ಬೀಳಬಹುದು. 2005ರ ಆರ್ಕಿನ್ ತೀರ್ಪು ಹಾಕಿದ ದುಡ್ಡಿನಷ್ಟಕ್ಕೆ ಮಿತಿ ಎಂದಿತ್ತು, 2020ರಲ್ಲಿ ಕೋರ್ಟ್ ಆಫ್ ಅಪೀಲ್ ಆ ಮಿತಿ ಕಟ್ಟುನಿಟ್ಟಿನ ನಿಯಮವಲ್ಲ ಎಂದಿತು. ಅದಕ್ಕೇ ಫಂಡರುಗಳು ಮೊದಲು ಕೇಳುವುದು, ಸೋತರೆ ಎದುರಿನವರ ಖರ್ಚು ಕೊಡುವ ವಿಮೆ ಇದೆಯಾ ಎಂದು. ಎರಡು ಲಕ್ಷದ ಕೇಸು ತೆಗೆದುಕೊಂಡು ಹೋದರೆ ಬಹಳ ಫಂಡರುಗಳು ಕಾಫಿ ಕೊಟ್ಟು ಕಳಿಸುತ್ತಾರೆ. ಅವರಿಗೆ ಬೇಕಾದ್ದು ದೊಡ್ಡ ಮೊತ್ತ.

ವಕೀಲರಿಗೇ ಪಾಲು

ನಮ್ಮ ದೇಶದಲ್ಲಿ ವಕೀಲರು ಹೀಗೆ ಪಾಲು ತೆಗೆದುಕೊಳ್ಳುವಂತಿಲ್ಲ, ಅಲ್ಲಿಂದ ಬಂದವರಿಗೆ ಇದು ವಿಚಿತ್ರ ಅನಿಸುತ್ತದೆ. ಇಲ್ಲಿ ಎರಡು ಥರ ಇದೆ. ಒಂದು ಸಿಎಫ್‌ಎ: ಸೋತರೆ ಫೀಸಿಲ್ಲ ಅಥವಾ ಕಡಿಮೆ, ಗೆದ್ದರೆ ಮಾಮೂಲಿ ಫೀಸಿನ ಮೇಲೆ ಗೆಲುವಿನ ಫೀಸು, ಅದು ಹೆಚ್ಚೆಂದರೆ ಇನ್ನೊಂದು ಅಷ್ಟೇ, ಅಂದರೆ 100 ಪರ್ಸೆಂಟ್. ಇನ್ನೊಂದು ಡಿಬಿಎ: ಬಂದದ್ದರಲ್ಲಿ ನೇರ ಪಾಲು, ವ್ಯಾಪಾರದ ಕೇಸಿಗೆ ಹೆಚ್ಚೆಂದರೆ 50 ಪರ್ಸೆಂಟ್, ಕೆಲಸದ ಕೇಸಿಗೆ 35, ಗಾಯದ ಕೇಸಿಗೆ 25. ಗೆಲುವಿನ ಫೀಸನ್ನು ಮೊದಲು ಸೋತವನಿಂದ ವಸೂಲಿ ಮಾಡಬಹುದಿತ್ತು. 2013ರ ಏಪ್ರಿಲ್ 1ರ ನಂತರದ ಕರಾರುಗಳಲ್ಲಿ ಸಾಮಾನ್ಯವಾಗಿ ಅದು ನಿಮ್ಮ ಜೇಬಿನಿಂದಲೇ.

ಆದರೆ ವಕೀಲರು ನಿಮ್ಮ ಕೇಸನ್ನು ತಾವೇ ಕೊಳ್ಳುತ್ತೇವೆ ಎಂದರೆ ಎದ್ದು ಬನ್ನಿ. ಒಂದು ಸಾಲಿಸಿಟರ್ ಸಂಸ್ಥೆ ತನ್ನ ಕಕ್ಷಿದಾರನ ಹಕ್ಕನ್ನು ಹೀಗೇ ಬರೆಸಿಕೊಂಡದ್ದು 2022ರಲ್ಲಿ ಕೋರ್ಟ್ ಆಫ್ ಅಪೀಲ್ ಮುಂದೆ ಬಂತು, ಇದು ಚಾಂಪರ್ಟಿ ಎಂದು ಕೋರ್ಟು ತಳ್ಳಿಹಾಕಿತು. ಪಾರ್ಲಿಮೆಂಟು ಹಾಕಿಕೊಟ್ಟ ಎರಡು ಬಾಗಿಲ ಮೂಲಕವಷ್ಟೇ ವಕೀಲರು ಬರಬಹುದು, ಹಿತ್ತಲಿಂದಲ್ಲ. ಮೇಲೆ ಹೇಳಿದ ಸಡಿಲಿಕೆ ವಕೀಲರಿಗೆ ಅನ್ವಯಿಸುವುದಿಲ್ಲ, ನನ್ನ ಅಭಿಪ್ರಾಯದಲ್ಲಿ ಅದು ಸರಿಯೇ.

10,000 ಪೌಂಡಿನ ಒಳಗಿದ್ದರೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಸ್ಮಾಲ್ ಕ್ಲೇಮ್ಸ್ ಎಂಬ ಸಣ್ಣ ಕೇಸುಗಳ ವಿಭಾಗದಲ್ಲಿ ನೀವೇ ಹಾಕಿ. ಅಲ್ಲಿ ಸೋತರೂ ಎದುರಿನವರ ವಕೀಲರ ಫೀಸು ಸಾಮಾನ್ಯವಾಗಿ ತಲೆಗೆ ಬರುವುದಿಲ್ಲ.

ಕಂಪನಿಯೇ ಮುಳುಗಿದ್ದರೆ

ಇದು ವಿಚಿತ್ರ, ಆದರೆ ಮುಳುಗಿದ ಕಂಪನಿಯ ಕೇಸು ಮಾರುವುದೇ ಎಲ್ಲಕ್ಕಿಂತ ಸುಲಭ. ಲಿಕ್ವಿಡೇಟರ್‌ಗೆ ಆಸ್ತಿ ಮಾರುವ ಅಧಿಕಾರ ಕಾಯಿದೆಯೇ ಕೊಟ್ಟಿದೆ, ಕೇಸು ಹಾಕುವ ಹಕ್ಕೂ ಆಸ್ತಿಯೇ. ಕೊಳ್ಳುವವನಿಗೆ ನಂಟಿರಬೇಕಿಲ್ಲ, ಬಂದದ್ದರಲ್ಲಿ ಪಾಲು ಹಂಚಿಕೊಳ್ಳಬಹುದು. ಚಾಂಪರ್ಟಿ ಇಲ್ಲಿ ಬಾಯಿ ಮುಚ್ಚಿಕೊಂಡು ಕೂರಬೇಕು. ಕಂಪನಿ ಮುಳುಗುತ್ತದೆ ಎಂದು ಗೊತ್ತಿದ್ದೂ ವ್ಯಾಪಾರ ಮುಂದುವರಿಸಿದ ನಿರ್ದೇಶಕರ ಮೇಲಿನ ಕೇಸಿನಂಥ ಕೆಲವನ್ನು ಮಾತ್ರ ಮಾರುವಂತಿರಲಿಲ್ಲ, ಅವು ಲಿಕ್ವಿಡೇಟರ್‌ನ ಸ್ವಂತ ಅಧಿಕಾರ ಎಂದು. 2015ರ ಅಕ್ಟೋಬರ್ 1ರಿಂದ ಅವುಗಳನ್ನೂ ಮಾರಬಹುದು. ಇಂಥವನ್ನೇ ಕೊಳ್ಳುವ ಕಂಪನಿಗಳಿವೆ, ಮ್ಯಾನೊಲೀಟ್ ಎಂಬುದು ಲಂಡನ್ ಷೇರುಪೇಟೆಗೇ ಬಂದಿದೆ.

1997ರ ನಾರ್ಗ್ಲೆನ್ ಕೇಸಿನಲ್ಲಿ ಕಂಪನಿಯ ಲಿಕ್ವಿಡೇಟರ್ ಹಕ್ಕನ್ನು ವ್ಯಕ್ತಿಗಳಿಗೆ ಬರೆದುಕೊಟ್ಟ, ಏಕೆಂದರೆ ಕಂಪನಿಗೆ ಸಿಗದ ಲೀಗಲ್ ಏಡ್ (ಕೇಸಿನ ಖರ್ಚಿಗೆ ಸರ್ಕಾರದ ನೆರವು) ವ್ಯಕ್ತಿಗೆ ಸಿಗುತ್ತಿತ್ತು. ಹೌಸ್ ಆಫ್ ಲಾರ್ಡ್ಸ್ ಅದನ್ನೂ ಒಪ್ಪಿತು. ಲೀಗಲ್ ಏಡಿನ ಆ ಕಾಲ ಈಗಿಲ್ಲ. ಆದರೆ ಸಣ್ಣ ಕಂಪನಿ ಮಾಲೀಕರಿಗೆ ಒಂದು ಮಾತು: ನಿಮ್ಮ ಕಂಪನಿ ಮುಚ್ಚುವಾಗ ಅದರ ಕೇಸನ್ನು ಲಿಕ್ವಿಡೇಟರ್‌ನಿಂದ ನೀವೇ ಕೊಳ್ಳಬಹುದು, ಮಾಲೀಕರಾಗಿದ್ದವರು ಆ ಆಫರ್ ಮುಂದಿಡುವುದನ್ನು ಮರೆಯುತ್ತಾರೆ. ಕೇಸಿಗೋಸ್ಕರ ಕಂಪನಿ ಮುಳುಗಿಸಿ ಎಂದು ಮಾತ್ರ ನಾನು ಹೇಳುತ್ತಿಲ್ಲ.

ಬೆಂಗಳೂರಿನಲ್ಲಿ ಕೂತು ಇಂಗ್ಲೆಂಡಿನ ಗಿರಾಕಿಗೆ ಕೆಲಸ ಮಾಡುವವರು ಇನ್ನೊಂದು ಗಮನಿಸಬೇಕು. ಇಂಗ್ಲಿಷ್ ಚಾಂಪರ್ಟಿ ಕಾನೂನು ಹಾಗೇ ಭಾರತಕ್ಕೆ ಅನ್ವಯಿಸುವುದಿಲ್ಲ ಎಂದು ಪ್ರಿವಿ ಕೌನ್ಸಿಲ್ 1876ರಲ್ಲೇ ಹೇಳಿತ್ತು. ಆದರೆ ಬರೀ ಕೇಸು ಹಾಕುವ ಹಕ್ಕನ್ನು ವರ್ಗಾಯಿಸುವಂತಿಲ್ಲ ಎಂದು ನಮ್ಮ 1882ರ ಆಸ್ತಿ ವರ್ಗಾವಣೆ ಕಾಯಿದೆಯ 6ನೇ ಸೆಕ್ಷನ್ನೇ ಹೇಳುತ್ತದೆ. ಕರಾರು ಇಂಗ್ಲಿಷ್ ಕಾನೂನಿನದಾಗಿದ್ದರೆ ಅದರ ಹಕ್ಕನ್ನು ಮಾರಬಹುದೇ ಎಂದು ಇಂಗ್ಲೆಂಡಿನ ಕೋರ್ಟು ನೋಡುವುದು ಇಂಗ್ಲಿಷ್ ಕಾನೂನಿನ ಕಣ್ಣಿನಿಂದಲೇ, ಮಾರುವವರೂ ಕೊಳ್ಳುವವರೂ ಜಯನಗರದವರೇ ಆಗಿದ್ದರೂ ಸಹ.

ಮೊದಲು ನೋಡಬೇಕಿದ್ದದ್ದು

ವಾರವೆಲ್ಲ ಇಷ್ಟು ಚರ್ಚೆ ಮಾಡಿ, ಶನಿವಾರ ಸಂಜೆ ಅವರ ಅಡುಗೆಮನೆಯ ಮೇಜಿನ ಮೇಲೆ ಕರಾರು ಹರಡಿಕೊಂಡು ಕೂತೆವು. ಹಿಂದಿನ ಪುಟಗಳಲ್ಲಿ ಒಂದು ಕಲಂ ಇತ್ತು. ಗಿರಾಕಿಯ ಲಿಖಿತ ಒಪ್ಪಿಗೆ ಇಲ್ಲದೆ ಈ ಕರಾರಿನ ಯಾವ ಹಕ್ಕನ್ನೂ ಬೇರೆಯವರಿಗೆ ವರ್ಗಾಯಿಸುವಂತಿಲ್ಲ.

ಇಂಥ ಕಲಂ ಇದ್ದರೆ ಚಾಂಪರ್ಟಿ ತನಕ ಹೋಗುವುದೇ ಬೇಡ. 1993ರ ಲಿಂಡನ್ ಗಾರ್ಡನ್ಸ್ ತೀರ್ಪಿನಲ್ಲಿ ಲಾರ್ಡ್ಸ್ ಹೇಳಿದ್ದು ಇದೇ: ನಿಷೇಧ ಮೀರಿ ಬರೆದುಕೊಟ್ಟರೆ ಎದುರು ಪಾರ್ಟಿಯ ಮೇಲೆ ಅದು ನಡೆಯುವುದಿಲ್ಲ, ಆಗಲೇ ಹುಟ್ಟಿದ ನಷ್ಟದ ಹಕ್ಕಾದರೂ ಅಷ್ಟೇ. ಅಂದರೆ ಆ 25,000 ಕೊಟ್ಟು ಕೊಳ್ಳಲು ಬಂದವರು ಕರಾರು ಓದಿಯೇ ಇರಲಿಲ್ಲ, ಅಥವಾ ಓದಿಯೂ ಸುಮ್ಮನಿದ್ದರು.

ಆದರೆ ಸಣ್ಣ ವ್ಯಾಪಾರಿಗಳಿಗಾಗಿ 2018ರಲ್ಲಿ ಒಂದು ನಿಯಮ ಬಂದಿದೆ. 2018ರ ಡಿಸೆಂಬರ್ 31ರಿಂದ ಈಚೆಗೆ ಆದ ವ್ಯಾಪಾರದ ಕರಾರುಗಳಲ್ಲಿ, ಮಾಲು ಅಥವಾ ಸೇವೆ ಕೊಟ್ಟವನು ದೊಡ್ಡ ಕಂಪನಿಯಲ್ಲದಿದ್ದರೆ, ಅವನ ಬಾಕಿ ಹಣದ ಹಕ್ಕನ್ನು ಮಾರದಂತೆ ತಡೆಯುವ ಕಲಂ ನಡೆಯುವುದಿಲ್ಲ. ಕೆಲವು ವಿನಾಯಿತಿಗಳಿವೆ, ಇವರಿಗೆ ಯಾವುದೂ ಅಡ್ಡ ಬರಲಿಲ್ಲ. ಇವರ ಕರಾರು 2022ರದು. ಇನ್‌ವಾಯ್ಸಿಗೆ ಕಲಂ ಲೆಕ್ಕಕ್ಕಿಲ್ಲ, ನಷ್ಟದ ಹಕ್ಕಿಗೆ ಇದೆ.

ಗಿರಾಕಿ ಹಳೇ ಇಮೇಲೊಂದರಲ್ಲಿ "ಮುಂದಿನ ತಿಂಗಳು ಪೂರ್ತಿ ಕೊಡುತ್ತೇವೆ" ಎಂದು ಬರೆದದ್ದು ಸಿಕ್ಕಿತು. ಅದನ್ನು ಲಗತ್ತಿಸಿ 48,000ದ ಬಾಕಿಯನ್ನು ಡಿಸ್ಕೌಂಟಿಗೆ ಮಾರಿದರು, ನೋಟಿಸ್ ರಿಜಿಸ್ಟರ್ಡ್ ಅಂಚೆಯಲ್ಲಿ ಹೋಯಿತು. ಎರಡು ಲಕ್ಷದ ಹಕ್ಕು ಅವರ ಕಂಪನಿ ಹೆಸರಲ್ಲೇ ಇದೆ. ಬಂದ ದುಡ್ಡಿನಲ್ಲಿ ಸ್ವಲ್ಪ ತೆಗೆದು ವಿಮೆ ಮಾಡಿಸಿ, ಒಬ್ಬ ಸಾಲಿಸಿಟರ್ ಜೊತೆ ಸಿಎಫ್‌ಎ ಮಾತಾಡುತ್ತಿದ್ದಾರೆ. ಕರಾರು ಮುರಿದ ದಿನದಿಂದ ಆರು ವರ್ಷದ ಗಡುವು. ಆ ತಾರೀಖನ್ನು ಕೆಂಪು ಶಾಯಿಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾರೆ.